ಎತ್ತು ಚಲೋ ಅದಾವೇನು ಅಂತ ಕೇಳುತ್ತಿದ್ದವನು

ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು, ಮನಸ್ಸಿನಿಂದ ಹೋಗುತ್ತಿಲ್ಲ. ನಿಮ್ಮ ಊರಿನ ಹುಡುಗನೊಬ್ಬ 1971ರ ಯುದ್ಧದಲ್ಲಿ ತೀರಿಕೊಂಡ. ಶಾಲೆಯಲ್ಲಿ ಅವನ ಫೋಟೋ ಇದೆ, ಪ್ರತಿ ಆಗಸ್ಟ್ 15ಕ್ಕೆ ಹಾರ ಹಾಕುತ್ತೀರಿ. ಆದರೆ ಅವನು ಎಂಥವನು ಅಂತ ನಿಮ್ಮ ವಯಸ್ಸಿನ ಯಾರಿಗೂ ಗೊತ್ತಿಲ್ಲ. ಕಣ್ಣಿಂದ ನೋಡದವನನ್ನು ನೆನಪಿಡುವುದು ಹೇಗೆ ಅಂತ ಕೇಳಿದ್ದೀರಿ. ನನಗೆ ಹತ್ತಿರದಿಂದ ಗೊತ್ತಿದ್ದ ಸೈನಿಕ ಒಬ್ಬನೇ. ಅವನ ಬಗ್ಗೆ ಹೇಳುತ್ತೇನೆ.

ನಮ್ಮದು ಬೆಳಗಾವಿ ಜಿಲ್ಲೆ, ಮಲಪ್ರಭಾ ದಂಡೆಯ ಸಣ್ಣ ಊರು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ತಾಯಿ ಇನ್ನೂ ಇದ್ದಾರೆ. ನಾನು ಅವನನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ, ತಾಯಿಯನ್ನು ದೊಡ್ಡವ್ವ ಅಂತ. ರಕ್ತಸಂಬಂಧ ಏನೂ ಇಲ್ಲ. ಅವರ ಮನೆ ಗೋಡೆ, ನಮ್ಮ ಮನೆ ಗೋಡೆ ಒಂದೇ.

ನಮ್ಮ ಕಡೆ ಮಿಲಿಟರಿಗೆ ಸೇರುವುದು ಹೊಸದೇನಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇದೆ. ಭರ್ತಿ ಇದೆ ಅಂತ ಗೊತ್ತಾದರೆ ಹುಡುಗರು ಹಿಂದಿನ ರಾತ್ರಿಯೇ ಹೋಗಿ ಮೈದಾನದ ಹೊರಗೆ ಮಲಗುತ್ತಿದ್ದರು. ಅಣ್ಣನನ್ನು ಮೊದಲ ಸಲ ವಾಪಸ್ ಕಳಿಸಿದರು. ಓಟದಲ್ಲಿ ಪಾಸಾಗಿದ್ದ, ಎದೆ ಅಳತೆಯಲ್ಲಿ ಬಿದ್ದ. ಉಸಿರು ತುಂಬಿಕೊಂಡಾಗ ಎದೆ 5 ಸೆಂಟಿಮೀಟರ್ ಹಿಗ್ಗಬೇಕು. ಅವನದು ಹಿಗ್ಗಲಿಲ್ಲ. ಮುಂದಿನ ಒಂದು ವರ್ಷ ಅವನು ದಿನಾ ಬೆಳಿಗ್ಗೆ ಹೊಳೆಗೆ ಹೋಗಿ ಈಜಿದ. ಮುಳುಗಿ ಎಷ್ಟು ಹೊತ್ತು ಇರುತ್ತಾನೆ ಅಂತ ದಂಡೆಯ ಮೇಲೆ ಕೂತು ಎಣಿಸುವುದು ನನ್ನ ಕೆಲಸ. ನೂರರ ಹತ್ತಿರ ಹೋದಾಗ ನನಗೇ ಭಯ ಆಗಿ ಕೂಗುತ್ತಿದ್ದೆ. ಅವನು ಮೇಲೆ ಬಂದು, ಮೊದಲು ಕೇಳುತ್ತಿದ್ದದ್ದು 'ಎಷ್ಟಾತು?' ಅಂತ.

ಎರಡನೇ ಸಲ ಆಯ್ಕೆ ಆದ. ಸಿಕ್ಕಿದ್ದು ತೋಪಖಾನೆ, ಅಂದರೆ ಆರ್ಟಿಲರಿ. ನಾಸಿಕ್‌ನಲ್ಲಿ ಟ್ರೇನಿಂಗ್. ಆಮೇಲೆ ಅವನ ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ಯೂನಿಟ್ಟಿನ ಹೆಸರು, ಕೊನೆಗೆ ಕೇರ್ ಆಫ್ 56 ಎ.ಪಿ.ಓ., ಅಂದರೆ ಸೈನ್ಯದ ಅಂಚೆ ಕಚೇರಿ. ಅಷ್ಟೇ. ಆ ವಿಳಾಸಕ್ಕೆ ಬರೆದ ಕಾಗದ ಸೈನಿಕ ಎಲ್ಲಿದ್ದರೂ ಹೋಗಿ ಮುಟ್ಟುತ್ತೆ ಅಂತ ಪೋಸ್ಟ್‌ಮನ್ ಹೇಳಿದಾಗ ನನಗೆ ಅದು ದೊಡ್ಡ ಪವಾಡ ಅನ್ನಿಸಿತ್ತು.

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ಯಜಮಾನರು ಮೊದಲೇ ತೀರಿಹೋಗಿದ್ದರು. ಹಾಗಾಗಿ ಅಣ್ಣನ ಕಾಗದ ಓದುವುದು ನಾನು, ಉತ್ತರ ಬರೆಯುವುದೂ ನಾನೇ. ಆಗ ಆರನೇ ಕ್ಲಾಸು. ಕಾಗದದಲ್ಲಿ ವಿಶೇಷ ಏನೂ ಇರುತ್ತಿರಲಿಲ್ಲ. ನಾನು ಕ್ಷೇಮ, ನೀವು ಕ್ಷೇಮ ಅಂತ ತಿಳಿದಿದ್ದೇನೆ. ಆಮೇಲೆ ಎತ್ತಿನ ವಿಚಾರ. ಎತ್ತು ಚಲೋ ಅದಾವೇನು, ಎಡದ ಎತ್ತಿನ ಕಾಲು ನೆಟ್ಟಗಾಯಿತೇನು, ಮೇವು ಸಾಕಾಗುತ್ತದೇನು. ಅರ್ಧ ಕಾಗದ ಅದೇ. ಊಟದ ಬಗ್ಗೆ ಒಂದು ಸಾಲು: ಇಲ್ಲಿ ರೊಟ್ಟಿ ಗೋಧಿದು, ಜೋಳದ್ದು ಸಿಗಲ್ಲ. ದೊಡ್ಡವ್ವ ಪ್ರತಿ ಸಲ ಆ ಸಾಲು ಎರಡು ಸಲ ಓದಿಸುತ್ತಿದ್ದರು.

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಹೆಸರು ಟಿವಿಯಲ್ಲಿ ಬರಲು ಶುರುವಾಯಿತು. ಊರಿನಲ್ಲಿ ಯಾರಿಗೂ ಅದು ಎಲ್ಲಿದೆ ಅಂತ ಗೊತ್ತಿರಲಿಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ ರಸ್ತೆ ದ್ರಾಸ್ ಊರಿನ ಮೂಲಕ ಹಾದುಹೋಗುತ್ತೆ. ಮೇಲಿನ ಟೊಲೊಲಿಂಗ್ ಬೆಟ್ಟದಲ್ಲಿ ವೈರಿಗಳು ಕೂತಿದ್ದರು. ಅಲ್ಲಿಂದ ರಸ್ತೆಯ ಮೇಲಿನ ಲಾರಿಗಳು ಕಾಣುತ್ತಿದ್ದವು. ಅವರು ನೋಡಿ ಹೇಳಿದ ಜಾಗಕ್ಕೆ ಆ ಕಡೆಯಿಂದ ಶೆಲ್ ಬೀಳುತ್ತಿತ್ತು. ನಮ್ಮ ಬೋಫೋರ್ಸ್ ತೋಪುಗಳು ನಿಂತಿದ್ದೂ ಅದೇ ರಸ್ತೆಯ ಆಸುಪಾಸಿನಲ್ಲಿ. ಒಂದೊಂದು ಶೆಲ್ 40 ಕಿಲೋಗಿಂತ ಜಾಸ್ತಿ ಭಾರ. ಆ ಯುದ್ಧದಲ್ಲಿ ನಮ್ಮ ತೋಪಖಾನೆ ಹಾರಿಸಿದ್ದು 2,50,000ದಷ್ಟು ಶೆಲ್, ಬಾಂಬ್, ರಾಕೆಟ್. ಅಷ್ಟನ್ನೂ ಯಾರೋ ಹೊತ್ತು ತಂದಿರಬೇಕು, ಅಲ್ವಾ? ಟಿವಿಯಲ್ಲಿ ಬೆಟ್ಟ ಹತ್ತಿದವರನ್ನು ತೋರಿಸುತ್ತಿದ್ದರು. ಕೆಳಗೆ ನಿಂತು ತೋಪು ತುಂಬಿಸುತ್ತಿದ್ದವರನ್ನು ಕಡಿಮೆ. ನಾನು ಮಾತ್ರ ಅವರನ್ನೇ ಹುಡುಕುತ್ತಿದ್ದೆ. ಜೋಳದ ಚೀಲ ಹೊತ್ತ ಹೆಗಲು ಅವನದು, ಆ ಭಾರ ಅವನಿಗೆ ಏನೂ ಅಲ್ಲ ಅಂತ ಅಂದುಕೊಂಡಿದ್ದೆ.

ಜೂನ್ ಮೊದಲ ವಾರ ಒಂದು ಕಾಗದ ಬಂತು. ಇಲ್ಲಿ ಚಳಿ ಇದೆ, ಕಾರ ಹುಣ್ಣಿಮೆಗೆ ರಜೆ ಸಿಕ್ಕರೆ ಬರುತ್ತೇನೆ, ಎತ್ತಿನ ಕೊಂಬಿಗೆ ಬಣ್ಣ ನಾನೇ ಹಚ್ಚುತ್ತೇನೆ ಅಂತ. ಆ ವರ್ಷ ಅಧಿಕ ಮಾಸ ಬಂದಿದ್ದರಿಂದ ಕಾರ ಹುಣ್ಣಿಮೆ ಜೂನ್ 28ಕ್ಕೆ ಬಿದ್ದಿತ್ತು. ದೊಡ್ಡವ್ವ ಹೇಳಿದ ಹಾಗೆ ಉತ್ತರ ಬರೆದೆ. 'ಎತ್ತು ಚಲೋ ಅದಾವು. ಎಡದ್ದು ಈಗ ಕುಂಟೂದಿಲ್ಲ. ಬಣ್ಣ ತಂದಿಟ್ಟೀನಿ. ನೀ ಬಾ.' ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅವರಿಗೆ ಹೇಳದೆ ನಾನೇ ಒಂದು ಸಾಲು ಸೇರಿಸಿದೆ. ಅಣ್ಣ, ಬರುವಾಗ ನನಗೆ ಒಂದು ಖಾಲಿ ಗುಂಡಿನ ಖೋಲು ತಗೊಂಡು ಬಾ.

ಹುಣ್ಣಿಮೆಗೆ ಇನ್ನೂ ಒಂದು ವಾರ ಇರುವಾಗ ಜೀಪ್ ಬಂತು. ಎರಡು ದಿನ ಬಿಟ್ಟು ಬೆಳಗಾವಿಯಿಂದ ಸೈನ್ಯದ ಲಾರಿಯಲ್ಲಿ ಪೆಟ್ಟಿಗೆ ಬಂತು. ಸುತ್ತಲಿನ ಹತ್ತು ಊರಿನ ಜನ ಸೇರಿದ್ದರು. ಹೊಲದಲ್ಲೇ ಮಣ್ಣು ಮಾಡಿದೆವು. ಸೈನಿಕರು ಗಾಳಿಯಲ್ಲಿ ಗುಂಡು ಹಾರಿಸಿದಾಗ ಕೊಟ್ಟಿಗೆಯಲ್ಲಿದ್ದ ಎತ್ತು ಹಗ್ಗ ಹರಿದುಕೊಂಡು ಓಡಿತು. ಯಾರೂ ಹಿಡಿಯಲು ಹೋಗಲಿಲ್ಲ. ಆ ಹುಣ್ಣಿಮೆಗೆ ನಮ್ಮ ಓಣಿಯಲ್ಲಿ ಯಾವ ಕೊಂಬಿಗೂ ಬಣ್ಣ ಹತ್ತಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ನಾನು ಬರೆದ ಕಾಗದ ವಾಪಸ್ ಬಂತು. ಮೇಲೆ ನನ್ನದೇ ಅಕ್ಷರ, ಪಕ್ಕದಲ್ಲಿ ಕೆಂಪು ಶಾಯಿಯ ಗೀಟು. ಪೋಸ್ಟ್‌ಮನ್ ಅದನ್ನು ಅಪ್ಪನ ಕೈಗೆ ಕೊಟ್ಟ. ಬಚ್ಚಿಡೋಣ ಅಂತ ನಾನು ಅತ್ತೆ. ಅಪ್ಪ ಒಪ್ಪಲಿಲ್ಲ. ಅದು ಅವಳ ಕಾಗದ, ಅವಳಿಗೇ ಸೇರಬೇಕು ಅಂದರು.

ದೊಡ್ಡವ್ವ ಕಾಗದ ತಿರುಗಿಸಿ ನೋಡಿದರು. ನನ್ನ ಕೈಗೆ ಕೊಟ್ಟು 'ಓದು' ಅಂದರು. ಅವರು ಹೇಳಿದ್ದನ್ನು ಅವರಿಗೇ ಓದಿದೆ. ಎತ್ತು ಚಲೋ ಅದಾವು. ಬಣ್ಣ ತಂದಿಟ್ಟೀನಿ. ನೀ ಬಾ. ಅಲ್ಲಿಗೆ ನಿಲ್ಲಿಸಿದೆ. ಅವರು ಕಾಗದದ ಕಡೆ ನೋಡುತ್ತಿದ್ದರು. ಅಕ್ಷರ ಬರದಿದ್ದರೂ ಕೆಳಗೆ ಇನ್ನೊಂದು ಸಾಲು ಇದೆ ಅನ್ನೋದು ಅವರಿಗೆ ಕಂಡಿತ್ತು. 'ಮುಂದ?' ಅಂದರು. ಓದಿದೆ. ತುಂಬಾ ಹೊತ್ತು ಸುಮ್ಮನಿದ್ದು, 'ನೀನೂ ಕರದಿದ್ದೀ ಅವನ್ನ' ಅಂದು ನನ್ನ ತಲೆ ಮೇಲೆ ಕೈ ಇಟ್ಟರು. ಆ ಕಾಗದ ಈಗಲೂ ಅವರ ಟ್ರಂಕಿನಲ್ಲಿದೆ.

ಆಮೇಲೆ ನಡೆದದ್ದು ನಿಮ್ಮ ಊರಿನಲ್ಲಿ ನಡೆದ ಹಾಗೆಯೇ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಲ್ಲು. ಜುಲೈ 26ಕ್ಕೆ ಹಾರ, ಭಾಷಣ. ಅದು ಬೇಡ ಅಂತ ನಾನು ಹೇಳುವುದಿಲ್ಲ. ಆ ಯುದ್ಧದಲ್ಲಿ ನಮ್ಮ 527 ಜನ ಹೋದರು, ವರ್ಷಕ್ಕೊಂದು ದಿನ ನಿಂತು ಕೈ ಮುಗಿಯಲೇಬೇಕು. ಆದರೆ ಆ ಭಾಷಣದಲ್ಲಿ ಅವನು ಸತ್ತ ದಿನ ಮಾತ್ರ ಇರುತ್ತೆ. ಹೊಳೆಯಲ್ಲಿ ಮುಳುಗಿ ಉಸಿರು ಕಟ್ಟಿದ ಒಂದು ವರ್ಷ ಇರಲ್ಲ. ನಮ್ಮ ಶಾಲೆಯ ಮಕ್ಕಳನ್ನು ಕೇಳಿದರೆ ವೀರ ಮರಣ ಅಂತಾರೆ. ಅವನಿಗೆ ಈಜು ಬರುತ್ತಿತ್ತಾ ಅಂದರೆ ಮುಖ ಮುಖ ನೋಡ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಅಲ್ಲಿ.

ನಮ್ಮ ಜನಕ್ಕೆ ನೆನಪಿಡಲು ಬರಲ್ಲ ಅಂತಲ್ಲ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಇವತ್ತಿಗೂ ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಅವನ ಸಮಾಧಿ ಹತ್ತಿರದ ಆಲದ ಮರಕ್ಕೆ ತೊಟ್ಟಿಲು ಕಟ್ಟುತ್ತಾರೆ. ಲಾವಣಿ, ಗೀಗೀ ಪದ ಕಟ್ಟಿ ಹಾಡಿದ್ದಾರೆ. ಹಾಡುವವರ ಬಾಯಲ್ಲಿ ರಾಯಣ್ಣ ನಡೆದಾಡುತ್ತಾನೆ, ಸಿಟ್ಟಾಗುತ್ತಾನೆ, ಮಾತಾಡುತ್ತಾನೆ. ಅದಕ್ಕೇ ಅವನು ಉಳಿದ.

2018ರಲ್ಲಿ ನಾನು ದ್ರಾಸ್‌ಗೆ ಹೋಗಿದ್ದೆ. ಟೊಲೊಲಿಂಗ್ ಬೆಟ್ಟದ ಬುಡದಲ್ಲೇ ಸ್ಮಾರಕ ಇದೆ. ಅಣ್ಣನ ಹೆಸರು ಹುಡುಕಿ, ಕೈಯಿಂದ ಮುಟ್ಟಿ ಬಂದೆ. ಊರಿಗೆ ಬಂದು ದೊಡ್ಡವ್ವನಿಗೆ ಎಲ್ಲ ಹೇಳಿದೆ. ಬಾವುಟ, ಸೈನಿಕರ ಸೆಲ್ಯೂಟ್, ಎತ್ತರದ ಬೆಟ್ಟ. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ, 'ಅಲ್ಲಿ ಹೊಲ ಅದಾವೇನು?' ಅದಾವು, ಸಣ್ಣ ಸಣ್ಣ ಹೊಲ, ಜವೆಗೋಧಿ ಬೆಳೀತಾರ ಅಂದೆ. 'ಹಂಗಾರ ಅವಂಗ ಭಾಳ ಬ್ಯಾಸರ ಆಗಿರಲಿಕ್ಕಿಲ್ಲ' ಅಂದರು.

ಈಗ ನಿಮ್ಮ ವಿಚಾರಕ್ಕೆ ಬರುತ್ತೇನೆ. ಕಾರ್ಗಿಲ್‌ನಲ್ಲಿ ಸೈನಿಕರ ದೇಹ ಊರಿಗೆ ಬಂತು. 1971ರಲ್ಲಿ ಹಾಗಿರಲಿಲ್ಲ. ಸಾಮಾನ್ಯವಾಗಿ ಅಂತ್ಯಕ್ರಿಯೆ ಅಲ್ಲೇ ಗಡಿಯ ಹತ್ತಿರ ಮುಗಿಯುತ್ತಿತ್ತು, ಮನೆಗೆ ಬರುತ್ತಿದ್ದದ್ದು ಟೆಲಿಗ್ರಾಂ. ಅಂದರೆ ನಿಮ್ಮ ಊರಿನವರು ಅವನ ಮುಖ ಕೊನೆಗೆ ನೋಡಿದ್ದು ಬಸ್ ಹತ್ತಿಸುವಾಗಲೇ ಇರಬೇಕು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ತೆರೆಯಿತು. ಅಲ್ಲಿನ ತ್ಯಾಗ ಚಕ್ರದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ, 1971ರವರದ್ದೂ ಇದೆ. ಯಾವಾಗಲಾದರೂ ದೆಹಲಿಗೆ ಹೋದರೆ ಅವನ ಹೆಸರು ಹುಡುಕಿ.

ಅದಕ್ಕಿಂತ ಮೊದಲು ಊರಿನಲ್ಲೇ ಒಂದು ಕೆಲಸ ಇದೆ. ಅವನ ಜೊತೆ ಶಾಲೆಗೆ ಹೋದವರಿಗೆ ಈಗ ಎಪ್ಪತ್ತು ದಾಟಿದೆ. ಅಕ್ಕ ತಂಗಿ ಯಾರಾದರೂ ಇದ್ದರೆ ಯಾವ ಊರಿಗೆ ಕೊಟ್ಟಿದ್ದಾರೆ ಅಂತ ವಿಚಾರಿಸಿ. ಆಗಸ್ಟ್ 15ರಂದು ಹೋಗಬೇಡಿ, ಆವತ್ತು ಎಲ್ಲರೂ ಭಾಷಣದ ಮಾತೇ ಆಡುತ್ತಾರೆ. ಸುಮ್ನೆ ಒಂದು ಮಂಗಳವಾರವೋ ಬುಧವಾರವೋ ಹೋಗಿ, ಚಹಾ ಕುಡಿಯಿರಿ. ಹೇಗೆ ಸತ್ತ ಅಂತ ಕೇಳಬೇಡಿ, ಅದನ್ನು ಎಲ್ಲರೂ ಕೇಳಿರುತ್ತಾರೆ. ಹೊಲದಲ್ಲಿ ಅವನಿಗೆ ಯಾವ ಕೆಲಸ ಬರುತ್ತಿತ್ತು, ಯಾರ ಜೊತೆ ಜಗಳ ಆಡುತ್ತಿದ್ದ, ರಜೆಗೆ ಬಂದಾಗ ಮೊದಲು ಯಾರ ಮನೆಗೆ ಹೋಗುತ್ತಿದ್ದ, ಕಾಗದದಲ್ಲಿ ಏನು ಕೇಳುತ್ತಿದ್ದ ಅಂತ ಕೇಳಿ. ಟ್ರಂಕಿನಲ್ಲಿ ಕಾಗದ ಉಳಿದಿದ್ದರೆ, ಮನೆಯವರು ಒಪ್ಪಿದರೆ, ಅವರ ಎದುರೇ ಜೋರಾಗಿ ಓದಿ. ಹೋಗುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.