ಸೆರಾಮಿಕ್ ಆಕೃತಿಗಳ ಜೊತೆ ನೃತ್ಯ, ಸಂಗೀತ ಎರಡನ್ನೂ ಒಂದೇ ಕೃತಿಯಲ್ಲಿ ಸೇರಿಸಬಹುದೇ?

ಖಂಡಿತ ಸೇರಿಸಬಹುದು. ಆದರೆ ನೀವು ಬರೆದಿರುವ ಯೋಜನೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ನೃತ್ಯದ ಭಂಗಿಗಳನ್ನು ಮಣ್ಣಿನಲ್ಲಿ ಮಾಡಿ ಸಾಲಾಗಿ ನಿಲ್ಲಿಸುವುದು, ಅವುಗಳ ನಡುವೆ ನೀವು ಕುಣಿಯುವುದು, ಹಿಂದೆ ರೆಕಾರ್ಡ್ ಮಾಡಿದ ಸಂಗೀತ. ಇದರಲ್ಲಿ ಮೂರು ಕಲೆಗಳು ಒಂದೇ ಕೋಣೆಯಲ್ಲಿರುತ್ತವೆ, ಅಷ್ಟೇ. ಆಕೃತಿಗಳನ್ನು ಎತ್ತಿ ಹೊರಗಿಟ್ಟರೂ ಕುಣಿತಕ್ಕೆ ಏನೂ ಕಡಿಮೆಯಾಗುವುದಿಲ್ಲವಲ್ಲ!

ನಾನು ಮಣ್ಣಿನ ಆಕೃತಿಗಳನ್ನು ಮಾಡುವವಳು, ನರ್ತಕರ ಜೊತೆಗೂ ಕೆಲಸ ಮಾಡಿದ್ದೇನೆ. ನನ್ನ ಮಟ್ಟಿಗೆ ಇವನ್ನು ಹೆಣೆಯುವುದು ಭಂಗಿಯಲ್ಲ, ತೂಕ. ಪೂರ್ಣಗೊಂಡ ಭಂಗಿಯನ್ನು ಫೋಟೋದಲ್ಲೂ ಹಿಡಿಯಬಹುದು. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವಾಗ ಸೊಂಟ ಒಂದು ಕಡೆ ಜಾರುತ್ತದೆ, ಎದುರು ಭುಜ ತಾನಾಗಿ ಇಳಿಯುತ್ತದೆ. ಆ ಗಳಿಗೆಯನ್ನು ಮಣ್ಣಿನಲ್ಲಿ ಹಿಡಿಯಿರಿ. ನೀವೇ ಕುಣಿಯುವವರಾದ್ದರಿಂದ ಕನ್ನಡಿಯೂ ಬೇಡ, ಮೈಗೇ ಗೊತ್ತಿರುತ್ತದೆ.

ಆಮೇಲೆ ಆವಿಗೆಯ, ಅಂದರೆ ಮಣ್ಣು ಸುಡುವ ಗೂಡಿನ ಕಾಟ. ಸ್ಟೋನ್‌ವೇರ್ ಎಂಬ, ಹೆಚ್ಚು ಶಾಖದಲ್ಲಿ ಸುಡುವ ಮಣ್ಣು ಒಣಗಿ ಸುಟ್ಟು ಮುಗಿಯುವಷ್ಟರಲ್ಲಿ ಶೇಕಡಾ 10ರಿಂದ 13ರಷ್ಟು ಕುಗ್ಗುತ್ತದೆ. ಒಳಗೆ ಕಬ್ಬಿಣದ ಕಂಬಿ ಬಿಟ್ಟಿದ್ದರೆ ಅದು ಕುಗ್ಗುವುದಿಲ್ಲ, ಮಣ್ಣು ಸೀಳುತ್ತದೆ. 1200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಣ್ಣು ಕೊಂಚ ಮೆತ್ತಗಾಗುವುದರಿಂದ ಚಾಚಿದ ಕೈ ಬಾಗುತ್ತದೆ, ಒಂಟಿ ಕಾಲು ವಾಲುತ್ತದೆ. ಅದೇ ಮಣ್ಣಿನಿಂದ ಊರುಗೋಲು ಮಾಡಿ ಕೊಡಿ, ಎರಡೂ ಒಟ್ಟಿಗೆ ಕುಗ್ಗುತ್ತವೆ. ಇಲ್ಲವೇ ಆಸರೆಯನ್ನು ಉಡುಪಿನಲ್ಲೇ ಅಡಗಿಸಿ. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಫ್ರಾನ್ಸಿನ ಸೆವ್ರ್ ಪಿಂಗಾಣಿ ಕಾರ್ಖಾನೆ ಶಿಲ್ಪಿ ಅಗಾಥೋನ್ ಲಿಯೊನಾರ್ ರೂಪಿಸಿದ ನರ್ತಕಿಯರ ಬೊಂಬೆಗಳನ್ನು ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಇಲ್ಲದ ಬಿಳಿ ಪೊರ್ಸಲೇನ್‌ನಲ್ಲಿ ಮಾಡಿತ್ತು. ಅವರ ಉದ್ದನೆಯ ನೆರಿಗೆಗಳ ಚಿತ್ರಗಳನ್ನು ಹುಡುಕಿ ನೋಡಿ. ಕಣ್ಣಿಗೆ ಅದು ಚಲನೆ, ಮಣ್ಣಿಗೆ ಊರಲು ಜಾಗ.

ಈಗ ಸಂಗೀತ. ನನಗೆ ನಿಜಕ್ಕೂ ಹುಚ್ಚು ಹಿಡಿಸಿದ್ದು ಇದೇ. ಆಕೃತಿ ಹೇಗೂ ಟೊಳ್ಳಾಗಿರಬೇಕು, ಉಗಿ ಹೋಗಲು ತೂತೂ ಬೇಕು. ಟೊಳ್ಳು ಮತ್ತು ತೂತು ಇದ್ದರೆ ವಾದ್ಯ ಅರ್ಧ ಆದಂತೆಯೇ. ಮೆಕ್ಸಿಕೋದ ಹೈನಾ ದ್ವೀಪದಲ್ಲಿ ಸಿಕ್ಕ ಮಾಯಾ ಜನರ ಮಣ್ಣಿನ ಬೊಂಬೆಗಳಲ್ಲಿ ಎಷ್ಟೋ ಬೊಂಬೆಗಳು ಸೀಟಿಗಳು, ಇನ್ನು ಕೆಲವು ಗಿಲಕಿಗಳು. ಪ್ರಾಚೀನ ಪೆರುವಿನ ಸೀಟಿ ಪಾತ್ರೆಗಳು ಇನ್ನೂ ಚೆನ್ನ. ಎರಡು ಹೊಟ್ಟೆಗಳ ನಡುವೆ ಒಂದು ಕೊಳವೆ, ಒಳಗೆ ನೀರು. ಪಾತ್ರೆಯನ್ನು ಓರೆ ಮಾಡಿದರೆ ನೀರು ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ಹರಿದು ಅಲ್ಲಿನ ಗಾಳಿಯನ್ನು ಸೀಟಿಯ ಮೂಲಕ ಹೊರದಬ್ಬುತ್ತದೆ. ಯಾರೂ ಊದಬೇಕಿಲ್ಲ. ಅಂಥದೊಂದು ಆಕೃತಿಯನ್ನು ತೋಳಿನಲ್ಲಿ ಹಿಡಿದು ನೀವು ಬಾಗಿದರೆ ಬಾಗಿದ್ದಕ್ಕೇ ದನಿ ಬರುತ್ತದೆ. ಮೇಳದವರು ನಿಮ್ಮ ಸೊಂಟವನ್ನು ಕಾಯಬೇಕಾಗುತ್ತದೆ, ನೀವು ತಾಳವನ್ನಲ್ಲ!

ಸುಲಭದ್ದು ಬೇಕಾದರೆ ಬಡಿಯುವ ಆಕೃತಿ ಮಾಡಿ. ನೈಜೀರಿಯಾದ ಇಗ್ಬೋ ಜನರ ಉಡು ಎಂಬ ಮಡಕೆ ವಾದ್ಯಕ್ಕೆ ಪಕ್ಕದಲ್ಲೊಂದು ತೂತಿರುತ್ತದೆ, ಅಂಗೈಯಿಂದ ಅದನ್ನು ಬಡಿದರೆ ತಗ್ಗಿನ ಗುಂ ಎನ್ನುವ ನಾದ. ಕುಳಿತ ಆಕೃತಿಯ ಬೆನ್ನಿನಲ್ಲೂ ಹಾಗೆ ಮಾಡಬಹುದು. ಒಳಗಿನ ಜಾಗ ದೊಡ್ಡದಾದಷ್ಟೂ ಶ್ರುತಿ ಇಳಿಯುತ್ತದೆ, ತೂತು ಹಿಗ್ಗಿಸಿದರೆ ಏರುತ್ತದೆ. ಸುಟ್ಟಾಗ ಎಲ್ಲವೂ ಕುಗ್ಗುವುದರಿಂದ ಶ್ರುತಿ ಹಸಿಯಲ್ಲಿ ಇದ್ದದ್ದಕ್ಕಿಂತ ಮೇಲೆ ಹೋಗುತ್ತದೆ. ಹಾಗಾಗಿ ತಂಬೂರಿಗೆ ಸರಿಯಾಗಿ ಶ್ರುತಿ ಕೂಡಿಸುವ ಆಸೆ ಬಿಡಿ. ಆಕೃತಿಯ ಶ್ರುತಿ ಏನು ಬಂತೋ ಅದಕ್ಕೆ ಗಾಯಕರು ಹೊಂದಿಕೊಳ್ಳಲಿ.

ಹಸಿಮಣ್ಣಿನ ಮೇಲೇ ಕುಣಿಯುವ ಬಗ್ಗೆ ಕೇಳಿದ್ದೀರಿ. ಫ್ರಾನ್ಸಿನಲ್ಲಿ ನಡೆದ 2006ರ ಅವಿನ್ಯೋನ್ ರಂಗೋತ್ಸವದಲ್ಲಿ ಚಿತ್ರಕಾರ ಮಿಕೆಲ್ ಬಾರ್ಸೆಲೊ ಮತ್ತು ನೃತ್ಯ ಸಂಯೋಜಕ ಜೋಸೆಫ್ ನಾಜ್ ಜೇಡಿಮಣ್ಣಿನ ಗೋಡೆ, ನೆಲಗಳನ್ನು ಪ್ರೇಕ್ಷಕರೆದುರು ಬಡಿದು, ಅಗೆದು, ಕೊನೆಗೆ ತಾವೇ ಮಣ್ಣಾಗಿ ಹೋದಂತೆ ಆಡಿದ್ದರು. ಅದನ್ನು ಅನುಕರಿಸಬೇಡಿ, ನೋಡಿದವರೆಲ್ಲ ಹೋಲಿಸುತ್ತಾರೆ. ಆದರೂ ಮಾಡುವುದಿದ್ದರೆ ಒಂದು ಎಚ್ಚರ: ಒಣಗಿದ ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಕುಣಿಯುವವರು ಏದುಸಿರಿನಲ್ಲಿ ಅದನ್ನು ಇನ್ನಷ್ಟು ಒಳಗೆಳೆದುಕೊಳ್ಳುತ್ತಾರೆ. ತಾಲೀಮಿನುದ್ದಕ್ಕೂ ಮಣ್ಣು ಹಸಿಯಾಗಿರಲಿ. ಮುಗಿದ ಮೇಲೆ ಕಸಬರಿಗೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆಗಳನ್ನೂ ಅಲ್ಲಿಯೇ ಕೊಡವದೆ ನೇರ ನೀರಿಗೆ ಹಾಕಿ.