ವೇದಿಕೆಯ ಹಿಂದಿನ ಲೆಕ್ಕ: ಹವ್ಯಾಸಿ ಹಾಡುಗಾರರ ಪ್ರಶ್ನೆಗಳಿಗೆ ಉತ್ತರ

ಗೆಳೆಯರೊಡನೆ ಗುಂಪು ಕಟ್ಟಿಕೊಂಡು ಊರ ಗಣೇಶೋತ್ಸವ, ರಾಜ್ಯೋತ್ಸವ, ಮದುವೆಯ ಆರತಕ್ಷತೆಗಳಲ್ಲಿ ಭಾವಗೀತೆ, ಜನಪದ ಗೀತೆ, ಚಿತ್ರಗೀತೆಗಳನ್ನು ಹಾಡುವ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಮೂವತ್ತು ವರ್ಷ ಹಾರ್ಮೋನಿಯಂ ಹೊತ್ತು ಇಂಥ ವೇದಿಕೆಗಳನ್ನು ಹತ್ತಿಳಿದವನ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನಾವು ಐವರು ಸ್ನೇಹಿತರು. ಒಬ್ಬರು ಬ್ಯಾಂಕ್ ನೌಕರರು, ಇಬ್ಬರು ಶಿಕ್ಷಕರು, ಒಬ್ಬರಿಗೆ ಸ್ವಂತ ಅಂಗಡಿಯಿದೆ; ತಬಲಾ ನುಡಿಸುವವರಿಗೆ ಮಾತ್ರ ಬೇರೆ ಆದಾಯವಿಲ್ಲ. ಒಂದು ಕಾರ್ಯಕ್ರಮಕ್ಕೆ ಹೆಚ್ಚೆಂದರೆ 15,000 ರೂಪಾಯಿ ಸಿಗುತ್ತದೆ. ಈಚೆಗೆ ಅದನ್ನು ಹಂಚಿಕೊಳ್ಳುವಾಗಲೆಲ್ಲ ಮನಸ್ತಾಪವಾಗುತ್ತಿದೆ. ಕೀಬೋರ್ಡ್ ತಮ್ಮದಾದ್ದರಿಂದ ತಮಗೆ ಹೆಚ್ಚು ಬರಬೇಕೆಂದು ಒಬ್ಬರು ಹೇಳುತ್ತಾರೆ. ಏನು ಮಾಡಬೇಕು? (ತೀರ್ಥಹಳ್ಳಿಯ ಓದುಗರು)

ಉತ್ತರ: ಕೀಬೋರ್ಡ್‌ನವರು ಕೇಳುತ್ತಿರುವುದರಲ್ಲಿ ನ್ಯಾಯವಿದೆ. ವಾದ್ಯ ಸವೆಯುತ್ತದೆ, ಅಡಾಪ್ಟರ್ ಸುಡುತ್ತದೆ, ಮಳೆಯಲ್ಲಿ ನೆನೆದರೆ ರಿಪೇರಿಯ ಖರ್ಚು ಅವರ ತಲೆಗೇ ಬರುತ್ತದೆ. ಆದರೆ ಆ ನ್ಯಾಯವನ್ನು ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಹೊಸದಾಗಿ ಚರ್ಚಿಸಬಾರದು. ವರ್ಷಕ್ಕೊಮ್ಮೆ, ಹಣ ಕೈಯಲ್ಲಿ ಇಲ್ಲದ ಹೊತ್ತಿನಲ್ಲಿ, ಒಂದು ನಿಯಮ ಮಾಡಿ ಬರೆದಿಡಬೇಕು. ನಮ್ಮ ಗುಂಪಿನಲ್ಲಿ ಕೊನೆಗೆ ಉಳಿದುಕೊಂಡ ಪದ್ಧತಿಯನ್ನು ನಿಮ್ಮ ಅಂಕಿಗೇ ಹೊಂದಿಸಿ ಹೇಳುತ್ತೇನೆ. ಬಂದ 15,000 ರೂಪಾಯಿಯಲ್ಲಿ ಮೊದಲು ವಾಹನದ ಬಾಡಿಗೆ, ದಾರಿಯ ಊಟ, ಚಹಾದ ಖರ್ಚನ್ನು ತೆಗೆಯಿರಿ. ಅದು 3,000 ಆಯಿತೆಂದು ಇಟ್ಟುಕೊಂಡರೆ 12,000 ಉಳಿಯುತ್ತದೆ. ಅದನ್ನು ಐದರ ಬದಲು ಆರು ಪಾಲು ಮಾಡಿ. ಐವರಿಗೆ ತಲಾ 2,000 ರೂಪಾಯಿ. ಆರನೆಯ ಪಾಲಿನಲ್ಲಿ ಅರ್ಧ, ಅಂದರೆ 1,000 ರೂಪಾಯಿ, ಕೀಬೋರ್ಡ್ ತಂದವರಿಗೆ; ಇನ್ನರ್ಧ ಗುಂಪಿನ ನಿಧಿಗೆ. ತಬಲಾದ ಚರ್ಮ ಬದಲಿಸುವುದಕ್ಕೂ ಮೈಕ್ ಕೇಬಲ್ ಕೊಳ್ಳುವುದಕ್ಕೂ ಆ ನಿಧಿ ಒದಗುತ್ತದೆ. ಕಾರ್ಯಕ್ರಮ ಒಪ್ಪಿಸಿಕೊಂಡು ಬಂದವರಿಗೆ ಏನಾದರೂ ಕೊಡುವುದಿದ್ದರೆ ಅದನ್ನೂ ಎಲ್ಲರೆದುರು ನಿಗದಿ ಮಾಡಿ. ಸಂಘಟಕರು 18,000 ಕೊಟ್ಟು, ಗುಂಪಿಗೆ 15,000 ಎಂದು ತಿಳಿದಿದ್ದು, ಮುಂದೊಂದು ದಿನ ಆ ಸಂಘಟಕರೇ ಚಹಾ ಕುಡಿಯುತ್ತ ಬಾಯಿ ಬಿಟ್ಟ ಮೇಲೆ ಚೆದುರಿಹೋದ ಗುಂಪುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು ನಿಮ್ಮ ತಬಲಾದವರ ಬಗ್ಗೆ. ಬೇರೆ ಆದಾಯವಿರುವ ನಾಲ್ವರಿಗೆ ಈ 2,000 ರೂಪಾಯಿ ಹಬ್ಬದ ಖರ್ಚಾದರೆ, ಅವರಿಗೆ ಅದು ಮನೆಯ ಅಕ್ಕಿ. ಅದಕ್ಕಾಗಿ ಅವರಿಗೆ ಕನಿಕರದ ಪಾಲು ಕೊಡಬೇಕಾಗಿಲ್ಲ, ಅವರ ಸ್ವಾಭಿಮಾನ ಅದನ್ನು ಒಪ್ಪುವುದೂ ಇಲ್ಲ. ಕೊಡಬೇಕಾದದ್ದು ಅವತ್ತಿನ ಹಣವನ್ನು ಅವತ್ತೇ. ಸಂಘಟಕರು ‘ಮುಂದಿನ ವಾರ ಕೊಡುತ್ತೇವೆ’ ಎಂದರೆ ಗುಂಪಿನ ನಿಧಿಯಿಂದ ಮೊದಲು ಅವರ ಪಾಲನ್ನು ಕೊಟ್ಟು, ಹಣ ಬಂದ ಮೇಲೆ ನಿಧಿಗೆ ತುಂಬಿಸಿಕೊಳ್ಳಿ. ‘ಸ್ನೇಹದಲ್ಲಿ ಲೆಕ್ಕವೇನು’ ಎಂಬ ಮಾತನ್ನು ನಾನು ಬಹಳ ಕೇಳಿದ್ದೇನೆ. ಅದನ್ನು ಹೇಳುವವರು ಹೆಚ್ಚಾಗಿ ಆ ಲೆಕ್ಕದ ಅಗತ್ಯವಿಲ್ಲದವರು. ಒಮ್ಮೆ ನಾವೇ ಒಂದು ಲಕೋಟೆಯನ್ನು ಬಿಚ್ಚದೆ ತಬಲಾ ಗೆಳೆಯನ ಕೈಗಿತ್ತು ‘ನೀನೇ ಇಟ್ಟುಕೋ’ ಎಂದು ದೊಡ್ಡಸ್ತಿಕೆ ತೋರಿದ್ದೆವು. ಒಳಗೆ ಐನೂರರ ಎರಡು ನೋಟುಗಳೂ ಒಂದು ತಾಂಬೂಲದ ಅಡಿಕೆಯೂ ಇದ್ದವು. ನ್ಯಾಯವಾಗಿ ಹಂಚಿದ್ದರೂ ಅವನಿಗೆ ಅದಕ್ಕಿಂತ ಹೆಚ್ಚು ಬರುತ್ತಿತ್ತು, ಏಕೆಂದರೆ ಉಳಿದ ಹಣವನ್ನು ಸಂಘಟಕರು ಆಗಲೇ ನಮ್ಮ ಗಾಯಕನ ಖಾತೆಗೆ ಹಾಕಿದ್ದರು. ಅವನು ಏನೂ ಅನ್ನಲಿಲ್ಲ; ಆದರೆ ಎರಡು ತಿಂಗಳು ಅಭ್ಯಾಸಕ್ಕೆ ಬರಲಿಲ್ಲ.

ಪ್ರಶ್ನೆ: ಬಯಲು ವೇದಿಕೆಯಲ್ಲಿ ಹಾಡುವಾಗ ಮೈಕ್ ‘ಕುಂಯ್’ ಎಂದು ಕೂಗುತ್ತದೆ. ಶಾಮಿಯಾನದವರ ಮೈಕ್ ಸೆಟ್ ಸರಿಯಿಲ್ಲವೆಂದು ನಾವು, ನೀವು ಹಿಡಿಯುವ ರೀತಿ ಸರಿಯಿಲ್ಲವೆಂದು ಅವರು. ಚಳಿಗಾಲದಲ್ಲಿ ತಬಲಾ ಶ್ರುತಿಯೂ ನಿಲ್ಲುವುದಿಲ್ಲ. (ಮಂಡ್ಯದ ಓದುಗರು)

ಉತ್ತರ: ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ಸೇರಿ, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ, ಮತ್ತೆ ಸ್ಪೀಕರಿನಿಂದ ಹೊರಟು ಸುತ್ತುವುದರಿಂದಲೇ ಆ ಕೂಗು ಹುಟ್ಟುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು ಸ್ಪೀಕರುಗಳು ಎಲ್ಲಿವೆ ಎಂಬುದನ್ನು. ಅವು ಹಾಡುವವರಿಗಿಂತ ಮುಂದೆ, ಜನರತ್ತ ಮುಖ ಮಾಡಿರಬೇಕು. ವೇದಿಕೆಯ ಹಿಂದಿನ ಕಂಬಕ್ಕೆ ಕಟ್ಟಿದರೆ ಎಷ್ಟು ದುಬಾರಿ ಸೆಟ್ಟಾದರೂ ಕೂಗುತ್ತದೆ. ಹಾಡುಗಾರರು ಬಳಸುವ ಸಾಮಾನ್ಯ ಮೈಕ್ ಮುಂದಿನ ಸದ್ದನ್ನು ಹೆಚ್ಚಾಗಿ, ಹಿಂದಿನದನ್ನು ಅತಿ ಕಡಿಮೆ ಹಿಡಿಯುವಂತೆ ಮಾಡಿದ್ದು. ಆದ್ದರಿಂದ ನಿಮ್ಮ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರನ್ನು ಮೈಕಿನ ಬಾಲದ ದಿಕ್ಕಿಗೆ ಇಡಿಸಿಕೊಳ್ಳಿ. ಇನ್ನು ನಿಮ್ಮ ಕಡೆಯ ತಪ್ಪು. ಭಾವಾವೇಶದಲ್ಲಿ ಮೈಕಿನ ಜಾಲರಿಯ ಗುಂಡನ್ನೇ ಮುಷ್ಟಿಯಲ್ಲಿ ಹಿಡಿದರೆ ಅದರ ಆ ಗುಣವೇ ಕೆಟ್ಟು, ಅದು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಹಿಡಿಯನ್ನು ಹಿಡಿಯಿರಿ, ಬಾಯಿಗೆ ಹತ್ತಿರ ತನ್ನಿ. ದೂರ ಅರ್ಧವಾದರೆ ನಿಮ್ಮ ದನಿ ಮೈಕಿಗೆ ಸುಮಾರು 6 ಡೆಸಿಬೆಲ್ ಹೆಚ್ಚು ಸೇರುತ್ತದೆ, ಸೌಂಡಿನವರು ಅಷ್ಟು ವಾಲ್ಯೂಮ್ ಇಳಿಸಬಹುದು. ಹಾಡದೆ ಕೂತವರ ಮೈಕ್ ಆರಿಸಿರಿ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಕೂಗು ಬರುವ ಮಟ್ಟ ಸುಮಾರು 3 ಡೆಸಿಬೆಲ್ ಹತ್ತಿರವಾಗುತ್ತದೆ. ನಿರೂಪಕರ ಮೈಕ್ ಮೇಜಿನ ಮೇಲೆ ಅಂಗಾತ ಬಿದ್ದುಕೊಂಡು ಮಾಡುವ ಹಾವಳಿ ಅಷ್ಟಿಷ್ಟಲ್ಲ.

ತಬಲಾದ್ದು ಇಬ್ಬನಿಯ ಕಥೆ. ಚರ್ಮ ತೇವವನ್ನು ಹೀರಿ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ವೇದಿಕೆಯ ಹಳದಿ ದೀಪದ ಬಿಸಿಗೆ ಒಣಗಿದರೆ ಅದೇ ತಬಲಾ ಏರುತ್ತದೆ. ಎರಡು ಹಾಡಿನ ನಡುವೆ ನಿರೂಪಕರು ಮಾತನಾಡುವ ಅವಧಿಯನ್ನು ತಬಲಾದವರಿಗೆಂದೇ ಮೀಸಲಿಟ್ಟು, ಆ ಹೊತ್ತಿನಲ್ಲಿ ಕೀಬೋರ್ಡ್‌ನವರು ಬೆರಳು ಆಡಿಸದೆ ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ. ನುಡಿಸದಿದ್ದಾಗ ತಬಲಾದ ಮೇಲೆ ದಪ್ಪ ಬಟ್ಟೆ ಹೊದಿಸಿ. ಗುಂಪಿನಲ್ಲಿ ಹಾರ್ಮೋನಿಯಂ ಇದ್ದರೆ ಎಲ್ಲರೂ ಅದಕ್ಕೇ ಹೊಂದಿಕೊಳ್ಳಬೇಕು, ಏಕೆಂದರೆ ಅದರ ರೀಡುಗಳನ್ನು ವೇದಿಕೆಯ ಮೇಲೆ ತಿದ್ದಲಾಗುವುದಿಲ್ಲ. ಹಳೆಯ ಪೆಟ್ಟಿಗೆಗಳು ಕೀಬೋರ್ಡುಗಳು ಅನುಸರಿಸುವ 440 ಹರ್ಟ್ಸ್‌ನ ಶ್ರುತಿಯ ಅಳತೆಗೆ ಸರಿಯಾಗಿ ಇರುವುದೂ ಅಪರೂಪ. ಕೀಬೋರ್ಡಿನಲ್ಲಿ ಒಟ್ಟು ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಸೌಲಭ್ಯವಿರುತ್ತದೆ, ಅದನ್ನು ಹುಡುಕಿ ಬಳಸಿಕೊಳ್ಳಿ.

ಪ್ರಶ್ನೆ: ಗಣೇಶೋತ್ಸವದಲ್ಲಿ ರಾತ್ರಿ ಹತ್ತಕ್ಕೆ ಸರಿಯಾಗಿ ಪೊಲೀಸರು ಬಂದು ನಿಲ್ಲಿಸಿದರು. ಸಂಘಟಕರು ಅರ್ಧ ಹಣ ಮಾತ್ರ ಕೊಟ್ಟರು. ಮೈಕ್ ಆರಿಸಿ ಬರಿಯ ಡೋಲಕ್ ನುಡಿಸಬಹುದಿತ್ತೆ? (ಹಾಸನದ ಓದುಗರು)

ಉತ್ತರ: ನುಡಿಸುವಂತಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2010ರ ತಿದ್ದುಪಡಿಯ ನಂತರ ಸಂಗೀತ ವಾದ್ಯಗಳೂ ಆ ನಿರ್ಬಂಧದೊಳಗೆ ಬರುತ್ತವೆ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಗಳಿಗೆ ವಿನಾಯಿತಿಯಿದೆ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ನಿಮ್ಮ ದಿನ ಅದರಲ್ಲಿ ಸೇರಿದೆಯೇ ಎಂಬುದನ್ನು ಮುಂಗಡ ಪಡೆಯುವ ದಿನವೇ ಕೇಳಿಕೊಳ್ಳಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿದ್ದರೆ ಅಲ್ಲಿ ಇನ್ನೂ ಬಿಗಿ.

ಆದರೆ ನಿಮ್ಮ ನಿಜವಾದ ದೂರು ಅರ್ಧ ಹಣದ್ದು. ಏಳು ಗಂಟೆಗೆ ಆರಂಭವೆಂದು ಕರೆದು, ಗಣ್ಯರ ಭಾಷಣ, ಸನ್ಮಾನ, ಲಕ್ಕಿ ಡ್ರಾ ಎಲ್ಲ ಮುಗಿಸಿ ಎಂಟೂಮುಕ್ಕಾಲಿಗೆ ನಿಮ್ಮನ್ನು ಹತ್ತಿಸಿದ್ದರೆ ಆ ನಷ್ಟ ನಿಮ್ಮದಲ್ಲ. ಇನ್ನು ಮುಂದೆ ಒಪ್ಪಿಕೊಳ್ಳುವಾಗಲೇ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದು ಕಳುಹಿಸಿ, ‘ಸರಿ’ ಎಂಬ ಉತ್ತರ ತರಿಸಿಕೊಳ್ಳಿ. ಆರಂಭದ ಹೊತ್ತು, ಹತ್ತಕ್ಕೆ ಮುಕ್ತಾಯ, ಪೊಲೀಸ್ ಅನುಮತಿ ಸಂಘಟಕರ ಹೊಣೆ, ಅವರಿಂದ ತಡವಾದರೂ ಪೂರ್ತಿ ಸಂಭಾವನೆ, ಅರ್ಧ ಮುಂಗಡ, ಉಳಿದರ್ಧ ವೇದಿಕೆ ಹತ್ತುವ ಮುನ್ನ: ಇಷ್ಟಿದ್ದರೆ ಸಾಕು. ಊರಿನವರ ಬಳಿ ಹೀಗೆಲ್ಲ ಕೇಳುವುದು ಸಂಕೋಚವೆನಿಸುತ್ತದೆ, ಒಪ್ಪುತ್ತೇನೆ. ಶಾಮಿಯಾನದವರು ಆ ಸಂಕೋಚ ಪಡುವುದಿಲ್ಲ, ಅವರ ಹಣ ಬಾಕಿ ಉಳಿಯುವುದೂ ಇಲ್ಲ.

ಪ್ರಶ್ನೆ: ಬೇರೆಯವರ ಹಾಡುಗಳನ್ನು ಹಾಡಲು ಅನುಮತಿ ಬೇಕೆ? ಶರೀಫರ ಪದಗಳಿಗೂ ಬೇಕೆ? (ಧಾರವಾಡದ ಓದುಗರು)

ಉತ್ತರ: ನಮ್ಮ ಕಾನೂನಿನಲ್ಲಿ ಕವಿ ಮತ್ತು ಸಂಗೀತ ಸಂಯೋಜಕರ ಹಕ್ಕು ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ, ಆದ್ದರಿಂದ ಆ ಪದಗಳು ಎಲ್ಲರವೂ ಹೌದು. ಆದರೆ ನೀವು ಹಾಡುತ್ತಿರುವುದು ಸಿ. ಅಶ್ವತ್ಥ್ ಅವರ ಧಾಟಿಯಲ್ಲಾದರೆ, ಅವರು ನಿಧನರಾದದ್ದು 2009ರಲ್ಲಿ. ಪದ ಹಳೆಯದಾದರೂ ಧಾಟಿಯ ಹಕ್ಕು ಜೀವಂತವಾಗಿದೆ. ಭಜನಾ ಮಂಡಳಿಯ ಹಿರಿಯರಿಂದ ಕಲಿತ ಧಾಟಿಗೆ ಆ ತೊಡಕಿಲ್ಲ. 1981ರಲ್ಲಿ ನಿಧನರಾದ ಬೇಂದ್ರೆಯವರ ಕವನಗಳ ಹಕ್ಕು 2041ರ ಕೊನೆಯವರೆಗೆ, 1994ರಲ್ಲಿ ನಿಧನರಾದ ಕುವೆಂಪು ಅವರದು 2054ರ ಕೊನೆಯವರೆಗೆ ಉಳಿಯುತ್ತದೆ.

ಹಾಗೆಂದು ಹೆದರಿ ಹಾಡು ನಿಲ್ಲಿಸಬೇಕಾಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ವಿಧಿಯಲ್ಲಿ ನಿಜವಾದ ಧಾರ್ಮಿಕ ಆಚರಣೆ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭ, ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ವಿನಾಯಿತಿಯಿದೆ. ಟಿಕೆಟ್ ಇಲ್ಲದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘವೊಂದು ನಡೆಸುವ ಪ್ರದರ್ಶನಕ್ಕೂ ಇದೆ. ಆದರೆ ಗಣಪತಿಯ ಮುಂದೆ ಶಾಮಿಯಾನ ಹಾಕಿದ ಮಾತ್ರಕ್ಕೆ ಸಂಭಾವನೆ ಪಡೆದ ಇಡೀ ರಸಮಂಜರಿ ಧಾರ್ಮಿಕ ಆಚರಣೆಯಾಗಿಬಿಡುತ್ತದೆಂದು ಭಾವಿಸಬೇಡಿ. ಹೋಟೆಲ್, ಕ್ಲಬ್ಬು, ಟಿಕೆಟ್ ಇಟ್ಟ ಕಾರ್ಯಕ್ರಮಗಳಿಗೆ ಪರವಾನಗಿ ಬೇಕು. ಗೀತರಚನೆಕಾರರ ಮತ್ತು ಸಂಯೋಜಕರ ಪರವಾಗಿ ಅದನ್ನು ಕೊಡುವ ಸಂಸ್ಥೆ 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್. ಸಾಮಾನ್ಯವಾಗಿ ಸಂಘಟಕರೇ ಅದನ್ನು ಪಡೆಯುತ್ತಾರೆ, ಒಪ್ಪಿಗೆಯ ಆ ನಾಲ್ಕು ಸಾಲಿಗೆ ಇದನ್ನೂ ಸೇರಿಸಿ. ಇನ್ನು ಯಾವ ಕಾನೂನಿನ ಬಲವಂತವೂ ಇಲ್ಲದೆ ಮಾಡಬಹುದಾದದ್ದೊಂದಿದೆ. ಪ್ರತಿ ಹಾಡಿಗೂ ಮುನ್ನ ಕವಿಯ ಹೆಸರನ್ನೂ ರಾಗ ಹಾಕಿದವರ ಹೆಸರನ್ನೂ ಹೇಳಿ. ಗಾಯಕರ ಹೆಸರು ಮಾತ್ರ ಹೇಳುವ ನಿರೂಪಕರು ಈಗ ಹೆಚ್ಚಾಗಿದ್ದಾರೆ, ನನಗದು ಕಿವಿಗೆ ಚುಚ್ಚುತ್ತದೆ.

ಪ್ರಶ್ನೆ: ನಮ್ಮ ಗುಂಪನ್ನು ಕಟ್ಟಿದ ಹಿರಿಯ ಗೆಳೆಯರಿಗೆ ಈಗ ಐವತ್ತೆಂಟು. ಮೊದಲಿನಂತೆ ಮೇಲಿನ ಸ್ವರ ತಲುಪುವುದಿಲ್ಲ. ಶ್ರುತಿ ಇಳಿಸೋಣವೆಂದರೆ ಬೇಸರ ಪಟ್ಟುಕೊಳ್ಳುತ್ತಾರೆ. ಅವರಿಗೆ ಗೊತ್ತಾಗದಂತೆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಮಾಡಿಬಿಡಲೆ? (ಮೈಸೂರಿನ ಓದುಗರು)

ಉತ್ತರ: ವಯಸ್ಸಾದಂತೆ ದನಿಯ ಮೇಲಂಚು ಕುಗ್ಗುವುದು ಸಹಜ, ಅದಕ್ಕೆ ಬದಲಾಗಿ ಕೆಳಗಿನ ಸ್ವರಗಳಲ್ಲಿ ಒಂದು ಗಾಂಭೀರ್ಯ ಬರುವುದೂ ಉಂಟು. ನಿಮ್ಮ ಗೆಳೆಯರು ಬಿಳಿ ಎರಡರಲ್ಲಿ (ಹಾರ್ಮೋನಿಯಂನ ಎರಡನೆಯ ಬಿಳಿ ಮನೆ, ಅಂದರೆ ‘ಡಿ’ ಶ್ರುತಿ) ಹಾಡುತ್ತಿದ್ದರೆ ಬಿಳಿ ಒಂದಕ್ಕೆ (‘ಸಿ’ ಶ್ರುತಿ) ಇಳಿಸಿ ನೋಡುವುದು ಸರಿಯಾದ ಹೆಜ್ಜೆ. ಆದರೆ ಅದರ ಜೊತೆಗೆ ತಬಲಾವೂ ಬದಲಾಗಬೇಕು. ಒಂದೇ ತಬಲಾವನ್ನು ಆ ಎರಡು ಶ್ರುತಿಗಳ ನಡುವೆ ಏರಿಸಿ ಇಳಿಸುತ್ತ ಹೋದರೆ ನಾದ ಸಪ್ಪೆಯಾಗುತ್ತದೆ, ಹೊತ್ತೂ ಹಿಡಿಯುತ್ತದೆ. ಅವರ ಹಾಡುಗಳನ್ನೆಲ್ಲ ಒಟ್ಟಿಗೆ ಜೋಡಿಸಿ, ಆ ಶ್ರುತಿಗೆ ಬೇರೊಂದು ತಬಲಾವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ.

ಈ ವಿಷಯವನ್ನು ಕಾರ್ಯಕ್ರಮ ಮುಗಿಸಿ ಹಿಂದಿರುಗುವ ವಾಹನದಲ್ಲಿ ಎತ್ತಬೇಡಿ. ಆ ಹೊತ್ತಿನಲ್ಲಿ ಹಾಡಿದವರ ಮನಸ್ಸು ತೀರ ಮೆತ್ತಗಿರುತ್ತದೆ. ಅಭ್ಯಾಸದ ದಿನ ಒಂದೇ ಹಾಡನ್ನು ಎರಡು ಶ್ರುತಿಯಲ್ಲಿ ಹಾಡಿಸಿ, ಮೊಬೈಲಿನಲ್ಲಿ ಮುದ್ರಿಸಿ, ಮರುದಿನ ಎರಡನ್ನೂ ಅವರಿಗೆ ಕಳುಹಿಸಿ ಸುಮ್ಮನಿರಿ. ಗೊತ್ತಾಗದಂತೆ ಇಳಿಸುವ ಉಪಾಯ ಮಾತ್ರ ಬೇಡ. ಕೀಬೋರ್ಡ್ ಏನನ್ನೂ ಹೇಳುವುದಿಲ್ಲ ನಿಜ, ಆದರೆ ಆ ಹಾಡಿನ ಹೊತ್ತಿಗೆ ತಬಲಾದವರು ಚೀಲದಿಂದ ಇನ್ನೊಂದು ತಬಲಾ ತೆಗೆಯುವುದು ಕಣ್ಣಿಗೆ ಬಿದ್ದೇ ಬೀಳುತ್ತದೆ. ನನಗೂ ಹಾಗೆಯೇ ಗೊತ್ತಾದದ್ದು.