ಬಾವಿಕಟ್ಟೆಯ ಬಳಿ ನಿಂತವರು

ಕಾಸರಗೋಡು ತಾಲೂಕಿನಲ್ಲಿ ಮನೆ, ಹಿತ್ತಿಲುಗಳ ದಲ್ಲಾಳಿಯಾಗಿ ದುಡಿಯುತ್ತಿರುವ, ಮೂವತ್ತು ದಾಟಿದ ಒಬ್ಬರು ರಾತ್ರಿ ನಿದ್ದೆ ಹತ್ತುವುದಿಲ್ಲವೆಂದು ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯಿದೆ.) ಮನೆ ನೋಡಿ ಹೋದವರು ಮತ್ತೆ ಫೋನ್ ಎತ್ತುವುದಿಲ್ಲ, ಬೇರೆಯವರ ಮೂಲಕ ಅದೇ ಆಸುಪಾಸಿನಲ್ಲಿ ಮನೆ ಕೊಳ್ಳುತ್ತಾರೆ, ಹಾಗಾಗಿ ತನ್ನ ಮುಖದಲ್ಲೇ ಏನೋ ದೋಷವಿದೆ ಎಂದು ಅವರು ನಂಬಿಬಿಟ್ಟಿದ್ದರು.

ಕೊನೆಯ ಭೇಟಿಯನ್ನು ಮೊದಲಿನಿಂದ ಹೇಳಿ ಎಂದೆ. ಮುಂಬೈಯಲ್ಲಿ ದುಡಿದು ಊರಿಗೆ ಮರಳಲಿದ್ದ ಹಿರಿಯ ದಂಪತಿ ಮಳೆಗಾಲ ಮುಗಿದ ಮೇಲೆ ಹದಿನೈದು ಸೆಂಟ್ಸ್ ಜಾಗದ ಹೆಂಚಿನ ಮನೆಯೊಂದನ್ನು ನೋಡಲು ಬಂದಿದ್ದರು. ಇವರು ಜಗಲಿಯಲ್ಲಿ ನಿಂತು ರಸ್ತೆ, ಬಸ್ಸು, ಮುಂದೆ ಏರಲಿರುವ ಬೆಲೆ ಎಂದು ಅರ್ಧ ಗಂಟೆ ಬಿಡುವಿಲ್ಲದೆ ಮಾತಾಡಿದರು. ಅಷ್ಟರಲ್ಲಿ ಆ ಅಮ್ಮ ಒಬ್ಬರೇ ಬಾವಿಕಟ್ಟೆಗೆ ಹೋಗಿ, ರಾಟೆಯ ಹಗ್ಗವನ್ನು ಮುಟ್ಟಿ ನೋಡಿ, ಕೆಂಪುಕಲ್ಲಿನ ಅಂಚಿಗೆ ಕೈಯೂರಿ ಬಹಳ ಹೊತ್ತು ಕೆಳಗೆ ಇಣುಕಿದ್ದರು.

"ಅವರು ಏನನ್ನು ನೋಡುತ್ತಿದ್ದರು?" ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದು, "ಏಪ್ರಿಲಿನಲ್ಲಿ ಅದರಲ್ಲಿ ನೀರಿರುವುದಿಲ್ಲ ಮೇಡಂ. ನಾನು ಹೇಳಲಿಲ್ಲ" ಎಂದರು.

ನಿದ್ದೆ ಕೆಡಿಸಿದ್ದು ಮುಖವಲ್ಲ, ಈ ಮಾತು ಎಂದು ನನಗೆ ಆಗಲೇ ಅನಿಸಿತು. ತೀರಿಸಬೇಕಾದ ಸಾಲವಿತ್ತು, ವ್ಯಾಪಾರ ತಪ್ಪೀತೆಂಬ ಹೆದರಿಕೆಯಿತ್ತು. ಆ ಹೆದರಿಕೆಯೇ ಅವರನ್ನು ಮಾತಾಡಿಸುತ್ತಿತ್ತು, ಕೇಳುವವರಿಗೆ ಅದು ಏನನ್ನೋ ಮುಚ್ಚಿಡುವ ಮಾತಿನಂತೆ ಕೇಳಿಸುತ್ತಿತ್ತು. ಜೊತೆಗೆ, ವಿಡಿಯೊಗಳಲ್ಲಿ ಕಲಿತಂತೆ ಗಿರಾಕಿಯ ಹೆಸರನ್ನು ಮತ್ತೆ ಮತ್ತೆ ಕರೆಯುವ ಅಭ್ಯಾಸ ಬೇರೆ. ಹಿರಿಯರನ್ನು ಹೆಸರು ಹಿಡಿದು ಕರೆದರೆ ನಮ್ಮ ಕಡೆ ಸಲುಗೆ ಬೆಳೆಯುವುದಿಲ್ಲ, ಇದ್ದದ್ದೂ ಹೋಗುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು: ಅಂಗಳಕ್ಕೆ ಕಾಲಿಟ್ಟ ಮೇಲೆ ಹತ್ತು ನಿಮಿಷ ವರ್ಣನೆ ಬೇಡ, ಅವರು ಎಲ್ಲಿ ನಿಲ್ಲುತ್ತಾರೆಂದು ನೋಡಿ, ಅಲ್ಲಿಂದಲೇ ಮಾತು ತೆಗೆಯಿರಿ, ಮನೆಯ ಕೊರತೆಯನ್ನು ಅವರು ಕಂಡುಹಿಡಿಯುವ ಮುನ್ನ ನೀವೇ ಹೇಳಿ.

ಕಾಗದಪತ್ರದ ವಿಷಯದಲ್ಲಿ ಹೆಚ್ಚು ಹೊತ್ತು ಕುಳಿತೆವು, ಏಕೆಂದರೆ ಗಡಿನಾಡಿನಲ್ಲಿ ನಂಬಿಕೆ ಹುಟ್ಟುವುದೂ ಮುರಿಯುವುದೂ ಅಲ್ಲೇ. ಆಧಾರ (ಜಾಗದ ನೋಂದಾಯಿತ ಪತ್ರ), ತೆರಿಗೆ ರಶೀದಿಗಳು ಬಹುಪಾಲು ಮಲಯಾಳದಲ್ಲಿರುತ್ತವೆ. ಕನ್ನಡ ಶಾಲೆಯಲ್ಲಿ ಕಲಿತು ಊರು ಬಿಟ್ಟವರಿಗೆ ಅವು ಓದಲು ಬಾರವು. ಜಾಗದ ಬಗೆ 'ಪುರಯಿಡಂ' ಎಂದಿದೆಯೋ 'ನಿಲಂ' ಎಂದಿದೆಯೋ ಎಂಬುದು ಸಣ್ಣ ಸಂಗತಿಯಲ್ಲ: ಪುರಯಿಡಂ ಎಂದರೆ ಮನೆ, ಹಿತ್ತಿಲಿನ ಜಾಗ, ನಿಲಂ ಎಂದರೆ ಗದ್ದೆ; ಭತ್ತದ ಗದ್ದೆ ಮತ್ತು ಜೌಗುಭೂಮಿಗಳ ರಕ್ಷಣೆಗೆ ಕೇರಳ 2008ರಲ್ಲಿ ತಂದ ಕಾಯ್ದೆಯಿಂದಾಗಿ ಅಂಥ ಜಾಗದಲ್ಲಿ ಕಟ್ಟಡ ಕಟ್ಟಲು ತೊಡಕುಂಟು. ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ "ನಿಮಗೆ ಬೇಕಾದ ವಕೀಲರಿಗೂ ತೋರಿಸಿ" ಎಂದು ಪ್ರತಿಗಳನ್ನು ಅವರ ಕೈಗೇ ಕೊಡಿ ಎಂದೆ. ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2 ಎಂಬುದನ್ನೂ ತಮ್ಮ ಕಮಿಷನ್ ಎಷ್ಟೆಂಬುದನ್ನೂ ಮೊದಲ ದಿನವೇ ಹೇಳಲು ಸೂಚಿಸಿದೆ. ಕಮಿಷನ್ನಿನ ಮಾತು ಅವರಿಗೆ ಇಂದಿಗೂ ಕಷ್ಟವೇ.

ಬಳಿಕ ನಾನು ಆ ಅಮ್ಮನಾಗಿ ಕುಳಿತೆ. ಬಾವಿಯ ಮಾತನ್ನು ತಡವರಿಸದೆ ಹೇಳಲು ಅವರಿಗೆ ನಾಲ್ಕು ಸಲ ಬೇಕಾಯಿತು.

ಮೂರನೆಯ ಭೇಟಿಗೆ ಬರುವಷ್ಟರಲ್ಲಿ ಅವರು ಮುಂಬೈಗೆ ಫೋನ್ ಮಾಡಿ, "ಅಮ್ಮಾ, ಆ ಬಾವಿ ಬೇಸಗೆಯಲ್ಲಿ ಬತ್ತುತ್ತದೆ, ನಾನು ಅಂದೇ ಹೇಳಬೇಕಿತ್ತು" ಎಂದಿದ್ದರು. ಆ ಮನೆ ಅವರಿಗೆ ಬೇಡವೆಂದಾಯಿತು. ಆದರೆ ಆಕೆ ಫೋನ್ ಇಡಲಿಲ್ಲ, "ಹಾಗಾದರೆ ನೀರಿರುವ ಬಾವಿ ಎಲ್ಲಿದೆ ಮಗಾ?" ಎಂದು ಕೇಳಿದರಂತೆ. "ಎರಡು ಕಡೆ ಉಂಟು, ಏಪ್ರಿಲಿನಲ್ಲೇ ಬಂದು ನೋಡಿ" ಎಂದು ಇವರು ಹೇಳಿದ್ದಾರೆ.